ಹಿಂಡಿಯ ಜಾಹೀರಾತಿಗೆ ಎಮ್ಮೆ ಬಂತು

ಹುರಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ಸಿಪ್ಪೆ ಊದುತ್ತಿದ್ದೆ. ಆಗಲೇ ನಮ್ಮ ಯಜಮಾನರು ಹೊರಗಿನಿಂದ ಬಂದು ಸುದ್ದಿ ಒಗೆದರು.

"ಮಾದೇವಿ, ಕೇಳೀ ಏನ? ನಮ್ಮ ಪಡಸಾಲಿ ಬಾಡಿಗಿಗೆ ಕೊಡ್ರಿ ಅಂತ ಟೇಲರ್ ಬೆನ್ನ ಹತ್ಯಾನ."

ನಾನು ಗಾಬರಿಯಲ್ಲಿ ಒಂದು ಉಸಿರು ಜಾಸ್ತಿಯೇ ಊದಿದೆ. ಸಿಪ್ಪೆಯೆಲ್ಲ ಹಾರಿ ಅವರ ಇಸ್ತ್ರಿ ಅಂಗಿಯ ಮೇಲೆ ಕೂತಿತು. ಪುಣ್ಯಕ್ಕೆ ಕಣ್ಣೊಳಗೆ ಹೋಗಲಿಲ್ಲ. ಅಷ್ಟರಮಟ್ಟಿಗೆ ಶಿವ ದೊಡ್ಡವ!

ಆಗ ನಾವು ಆಳಂದದಲ್ಲಿದ್ದೆವು. ನಮ್ಮವರು ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯ ಪಡಸಾಲೆ ಬೀದಿಗೆ ಮುಖ ಮಾಡಿತ್ತು. ದೀಪಾವಳಿ ಮುಗಿದ ಮೇಲೆ ಅದರಲ್ಲಿ ಒಂದು ಹಲಗೆ ಹೊಡೆಸಿ, ಡಬ್ಬಿಗಳನ್ನು ಜೋಡಿಸಿ, ಬಸವಣ್ಣನ ಪಟಕ್ಕೆ ಹೂವಿಟ್ಟು ನಾನೊಂದು ಅಂಗಡಿ ತೆರೆದಿದ್ದೆ. ಮಾರುತ್ತಿದ್ದದ್ದು ಒಂದೇ ಪದಾರ್ಥ. ಶೇಂಗಾ ಹಿಂಡಿ.

ಬೆಂಗಳೂರು ಮೈಸೂರಿನವರು ಇದನ್ನು ಚಟ್ನಿಪುಡಿ ಎನ್ನುತ್ತಾರಂತೆ. ನಮ್ಮಲ್ಲಿ ಹಾಗೆಂದರೆ ರುಚಿಯೇ ಹೋಗುತ್ತದೆ. ಶೇಂಗಾ, ಒಣಖಾರ, ಬಳ್ಳೊಳ್ಳಿ, ಉಪ್ಪು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟುಕೊಂಡು ಮೆತ್ತಗೆ ಉಂಡೆಯಾಗಬೇಕು. ಅದು ಹಿಂಡಿ. ಅಫಜಲಪುರದ ನನ್ನ ತವರಿನಲ್ಲಿ ಅಜ್ಜಿಯಿಂದ ಕಲಿತದ್ದು. ಒಮ್ಮೆ ತಿಂದವರು ಇನ್ನೊಮ್ಮೆ ಕೇಳದೆ ಇರುತ್ತಿರಲಿಲ್ಲ. ತೊಂದರೆ ಏನೆಂದರೆ, ಒಮ್ಮೆ ತಿನ್ನುವವರೇ ಯಾರೂ ಬರುತ್ತಿರಲಿಲ್ಲ!

ಬರುತ್ತಿದ್ದವಳು ಪಕ್ಕದ ಮನೆಯ ರಜಿಯಾಬಿ ಒಬ್ಬಳೇ. ಅವಳೂ ರುಚಿ ನೋಡಲು ಬರುತ್ತಿದ್ದಳು. ದಿನಾ ನೋಡುತ್ತಿದ್ದಳು.

"ಬರೂ ಸಂತಿ ತನಕ ತಡೀತೇನಿ," ಎಂದರು ನಮ್ಮವರು, ಅಂಗಿ ಝಾಡಿಸುತ್ತ. "ಅಷ್ಟರಾಗ ಡಬ್ಬಿ ಖಾಲಿ ಆದ್ರ ಪಡಸಾಲಿ ನಿಂದು. ಇಲ್ಲಂದ್ರ ಟೇಲರ್ ಮಶೀನ್ ಒಳಗ, ನಿನ್ನ ಹಿಂಡಿ ಅಡಗಿ ಮನಿಗೆ ವಾಪಸ್."

"ಆಗ್ಲಿ ಬಿಡ್ರಿ. ನೋಡೇಬಿಡೂಣು!" ಎಂದೆ ನಾನು. ಬಾಯಿ ಧೈರ್ಯದ್ದು. ಎದೆಯಲ್ಲಿ ಒನಕೆ ಕುಟ್ಟುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ 'ಇದು ನನ್ನ ಜಾಗ' ಎಂದು ಹೇಳಿಕೊಂಡದ್ದು ಆ ಹಲಗೆ ಒಂದನ್ನೇ.

ರಜಿಯಾಬಿ ಎಲ್ಲ ಕೇಳಿಸಿಕೊಂಡು, ಒಂದು ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡು ತೀರ್ಪು ಕೊಟ್ಟಳು. "ಅಕ್ಕಾ, ನಿಮ್ಮ ಮಾಲು ಏಕದಂ ಛಲೋ ಅದ. ಆದ್ರ ಹಿಂಗ ಮೂಗಿ ಹಂಗ ಕುಂತ್ರ ಯಾರಿಗೆ ಖಬರ್ ಆಗಬೇಕು? ಜಾಹೀರಾತ್ ಮಾಡ್ರಿ! ನಮ್ಮ ತಮ್ಮ ಖಾಜಾ ಟಾಂಗಾಕ್ಕ ಮೈಕು ಕಟ್ಟಿ ಪಿಕ್ಚರ್ ಸಾರತಾನಲ್ಲ, ನಿಮ್ಮ ಹಿಂಡಿ ಸಾರಂಗಿಲ್ಲೇನು?"

ಅಂದಿನಿಂದ ನಾನು ಪ್ರಚಾರ ಕಾರ್ಯವನ್ನು ವಿಧ್ಯುಕ್ತವಾಗಿ ಕೈಗೆತ್ತಿಕೊಂಡೆ.

ಮೊದಲನೆಯದು ಗೋಡೆ ಬರಹ. ಓಣಿಯ ತಿರುವಿನ ಗೋಡೆಗೆ ಸುಣ್ಣ ಬಳಿಸಿ ಪೇಂಟರ್ ಮಲ್ಲಣ್ಣನನ್ನು ಕರೆಸಿದೆ. ಊರಿಗೆ ಹೊಸಬ. ಹಳ್ಳಿ ಹಳ್ಳಿ ತಿರುಗಿ ಬಿತ್ತನೆ ಬೀಜ, ಗೊಬ್ಬರ, ಕೀಟನಾಶಕದ ಗೋಡೆಗಳನ್ನು ಬರೆಯುತ್ತಿದ್ದವನು. ಅಕ್ಷರ ಮುತ್ತಿನಂತೆ.

"ಏನ್ ಬರೀಲ್ರಿ ಅಕ್ಕೋರ?"

"ದೊಡ್ಡದಾಗಿ ಶೇಂಗಾ ಹಿಂಡಿ ಅಂತ ಬರಿಯಪ್ಪಾ. ಕೆಳಗ ಮಾಸ್ತರ ಮನಿ ಅಂತ ಹಾಕು. ಬಾಜೂಕ ಒಂದು ಛಂದನ್ನ ಚಿತ್ರ ತೆಗಿ. ಬಾಯಾಗ ನೀರು ಸುರೀಬೇಕು ನೋಡು!"

"ಅದು ನನಗ ಬಿಡ್ರಿ. ಸುರಿಸ್ತೇನಿ," ಎಂದ ಮಲ್ಲಣ್ಣ.

ಯಾರ ಬಾಯಲ್ಲಿ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಹೋಗಿ ನೋಡಿದೆ. ಗೋಡೆಯ ಮೇಲೆ ಆಳೆತ್ತರದ ಎಮ್ಮೆ! ಮಿರಿಮಿರಿ ಮಿಂಚುವ ಕಪ್ಪು ಮೈ, ಕಾಡಿಗೆ ಹಚ್ಚಿದಂಥ ಕಣ್ಣು, ಬಾಯಿಯ ಎರಡೂ ಕಡೆಯಿಂದ ಧಾರಾಕಾರವಾಗಿ ನೀರು. ಒಂದು ಕ್ಷಣ ತಬ್ಬಿಬ್ಬಾದೆ. ಆದರೆ ನಾನೇನು ಸಾಮಾನ್ಯಳೇ? ಕೂಡಲೇ ಅರ್ಥ ಹೊಳೆಯಿತು. ಹಿಂಡಿಗೆ ಜೋಡಿ ಯಾವುದು? ಗಟ್ಟಿ ಮೊಸರು. ಮೊಸರು ಎಲ್ಲಿಂದ? ಎಮ್ಮೆಯಿಂದ. ಅಬ್ಬಾ, ಮಲ್ಲಣ್ಣನ ಬುದ್ಧಿಯೇ!

"ಅಲ್ಲಬೇ, ಹಿಂಡಿಗೆ ಎಮ್ಮಿ ಯಾಕ?" ಎಂದರು ನಮ್ಮವರು.

"ನಿಮಗ ಪಾಠ ಹೇಳೂದು ಗೊತ್ತದ, ಜಾಹೀರಾತು ಗೊತ್ತಿಲ್ಲ," ಎಂದೆ. "ಮಂದಿ ಅದನ್ನ ನೋಡಿ ಮೊಸರು ನೆನಸ್ತಾರ, ಮೊಸರು ನೆನಸಿ ಹಿಂಡಿ ನೆನಸ್ತಾರ."

ಅವರು ಎಮ್ಮೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮನೆ ಕಡೆ ನಡೆದರು. ಸೋತರು ಎಂದುಕೊಂಡೆ!

ಎರಡನೆಯದು ಟಾಂಗಾ. ಖಾಜಾನಿಗೆ ಏನು ಹೇಳಬೇಕೆಂದು ನಾನೇ ಬಾಯಿಪಾಠ ಮಾಡಿಸಬೇಕಿತ್ತು. ಅಂದು ಒರಳ ಮುಂದಿಂದ ಏಳಲಾಗದೆ ರಜಿಯಾಬಿಗೆ ಒಪ್ಪಿಸಿದೆ. ಅವಳು ತಮ್ಮನಿಗೆ ಇಷ್ಟೇ ಹೇಳಿದಳಂತೆ: "ಮಾಸ್ತರ ಮನಿ ಹಿಂಡಿ. ಗೋಡಿ ಮ್ಯಾಲೆ ಎಲ್ಲಾ ಅದ, ನೋಡಿಕೊಂಡು ಸಾರು."

ಅವನು ಗೋಡೆ ನೋಡಿಕೊಂಡ.

ನಮ್ಮ ಮನೆಯ ಮುಂದೆ ಟಾಂಗಾ ಹಾದಾಗ ನಾನು ಒನಕೆ ಬಿಟ್ಟು ಓಡಿ ಬಂದೆ. "ಹಿಂಡಿ! ಹಿಂಡಿ! ಮಾಸ್ತರ ಮನಿ ಶೇಂಗಾ ಹಿಂಡಿ! ತಿಂದು ನೋಡ್ರಿ..." ಎನ್ನುತ್ತ ಓಣಿ ತಿರುಗಿತು. ಮುಂದಿನದು ಗಾಳಿಗೆ ಹೋಯಿತು. ಕೇಳಿಸಿದಷ್ಟಕ್ಕೇ ನನಗೆ ಮೈಯೆಲ್ಲ ಪುಳಕ. ಖಾಜಾ ಊರೆಲ್ಲ ಸುತ್ತಿ ಸರಸಂಬಾದ ದಾರಿಗೂ ಹೋಗಿ ಸಾರಿ ಬಂದನಂತೆ. ಪುಣ್ಯವಂತ!

ಸಂತೆಯ ದಿನ ಬೆಳಿಗ್ಗೆ ಅಂಗಳ ಸಾರಿಸೋಣವೆಂದರೆ ಎಲ್ಲಿಯೂ ಸೆಗಣಿ ಸಿಗಲಿಲ್ಲ. ಬರೀ ನೀರು ಚಿಮುಕಿಸಿ ರಂಗೋಲಿ ಹಾಕಿದೆ. ಲಿಂಗಪೂಜೆ ಮುಗಿಸಿ ಕೈಮುಗಿದೆ. "ಬಸವಣ್ಣಾ, ಇವತ್ತು ನನ್ನ ಮಾನ ಕಾಯಿ. ಗಿರಾಕಿಯನ್ನು ಕಳಿಸು. ಒಬ್ಬಿಬ್ಬರಲ್ಲ, ಬಳಗ ಸಮೇತ ಕಳಿಸು."

ಇನ್ನೂ ವಿಭೂತಿ ಆರಿರಲಿಲ್ಲ, ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು! ದೊಡ್ಡ ರುಮಾಲಿನ, ಅಜ್ಜನ ವಯಸ್ಸಿನ ಒಬ್ಬ ಮುತ್ಯಾ ಇಳಿದ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಬಂದವನಂತೆ.

"ಮಾಸ್ತರ ಮನಿ ಹಿಂಡಿ ಇದೇ ಏನ್ರಿ ತಾಯಿ?"

"ಇದೇ ರಿ ಮುತ್ಯಾ, ಬರ್ರಿ ಬರ್ರಿ! ಎಷ್ಟು ಕೊಡ್ಲಿ?"

"ಮನ್ಯಾಗ ಮೂರು ಮಂದಿ ಅದಾರ್ರಿ. ಹಿರೇಕಿ ಗೌರಿ, ಏನ್ ಹಾಕಿದ್ರೂ ಸುಮ್ಮ ತಿಂತಾಳ. ಸಣ್ಣಾಕಿ ಲಕ್ಷ್ಮೀದೇ ಕಾಳಜಿ. ಈಗರೇ ಹಡದಾಳ. ಹಾಲು ಸಾಲವಲ್ದು."

ಸೊಸೆಯರ ಬಗ್ಗೆ ಇಷ್ಟು ಕಾಳಜಿ ಮಾಡುವ ಮಾವ! ನನಗೆ ಕಣ್ಣು ತುಂಬಿ ಬಂತು.

"ಬಾಣಂತಿಗೆ ಇಷ್ಟು ಖಾರ ಆಗಂಗಿಲ್ರಿ ಮುತ್ಯಾ. ಬಳ್ಳೊಳ್ಳಿ ಹೆಚ್ಚು ಹಾಕಿ ಆಕಿಗೆ ಬ್ಯಾರೆ ಕುಟ್ಟಿ ಕೊಡ್ತೇನಿ. ಏನು ಕೂಸು?"

"ಹೆಣ್ಣ್ರಿ. ನಮ್ಮ ನಸೀಬ್ ಛಲೋ ಅದ. ಗಂಡಾಗಿದ್ರ ಮಾರಿಬಿಡ್ತಿದ್ದೆ."

ನನ್ನ ಕೈಯಲ್ಲಿದ್ದ ಚಮಚ ಡಬ್ಬಿಯೊಳಗೆ ಬಿತ್ತು.

"ಶಿವ ಶಿವಾ! ಹಂಗ ಅನಬಾರದ್ರಿ ಮುತ್ಯಾ!"

"ಮತ್ತೇನ್ರಿ, ಕಟಗೊಂಡು ಕುಂದರಲೇನು? ಮೂರನೇದಾಕಿ ಇವರ ಅವ್ವ, ಆಕೀನ ಸಂಭಾಳಿಸೂದೇ ಸಾಕಾಗ್ಯಾದ. ಕೈ ಹಚ್ಚಿದ್ರ ಒದಿತಾಳ. ಕಾಲು ಕಟ್ಟಬೇಕಾಗ್ತದ. ಮೊನ್ನಿ ನಮ್ಮ ಮುದುಕೀನ ಕೋಡಿಲೆ ತಿವದಾಳ."

"ಕೋಡಿಲೆ?"

"ಹೂಂ ಮತ್ತ. ಎಮ್ಮಿ ಕೋಡಿಲೆ ತಿವೀದೆ ಕೊಡಲಿಲೆ ಕಡೀತದೇನ್ರಿ?"

ಆ ಕ್ಷಣ ನನಗೆ ಜ್ಞಾನೋದಯವಾಯಿತು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಶೇಂಗಾದ ಗಟ್ಟಿ ಉಳಿಯುತ್ತದಲ್ಲ, ನೆನೆಹಾಕಿ ಹಾಲು ಕರೆಯುವ ದನಗಳಿಗೆ ಇಡುತ್ತಾರಲ್ಲ, ನಮ್ಮಲ್ಲಿ ಅದಕ್ಕೂ ಹೆಸರು ಶೇಂಗಾ ಹಿಂಡಿಯೇ! ಹುಟ್ಟಿದಾಗಿನಿಂದ ಎರಡನ್ನೂ ಬಲ್ಲೆ. ಮನುಷ್ಯರದು ಅಡುಗೆ ಮನೆಯಲ್ಲಿ, ದನದ್ದು ಕೊಟ್ಟಿಗೆಯಲ್ಲಿ. ಗೋಡೆಯ ಮೇಲೆ ಎರಡೂ ಒಂದೇ ಆಗುತ್ತವೆಂದು ನನಗೆ ಹೊಳೆದಿರಲಿಲ್ಲ. ಮಲ್ಲಣ್ಣನ ಎಮ್ಮೆಗೆ ಹೊಳೆದಿತ್ತು.

ಹೊರಗೆ ಇಣುಕಿದೆ. ಇನ್ನೂ ಎರಡು ಗಾಡಿ. ಚೀಲ ಹೆಗಲಿಗೆ ಹಾಕಿಕೊಂಡ ಮಂದಿ. ಅವರ ಹಿಂದೆ ಖಾಜಾನ ಟಾಂಗಾ. ಈ ಸಾರಿ ಅವನು ಸಾರುವುದು ಪೂರ್ತಿ ಕೇಳಿಸಿತು.

"ಮಾಸ್ತರ ಮನಿ ಶೇಂಗಾ ಹಿಂಡಿ! ತಿಂದು ನೋಡ್ರಿ ಅಲ್ಲ, ತಿನಿಸಿ ನೋಡ್ರಿ! ತಿಂದ ಎಮ್ಮಿ ಕೊಡ ತುಂಬ ಹಾಲು ಕೊಡ್ತದ! ನಂಬಿಗಿ ಇಲ್ಲೇನು? ಎಮ್ಮಿ ಕರಕೊಂಡೇ ಬರ್ರಿ!"

ಒಬ್ಬಾಕೆ ನಂಬಿಗೆ ಇಲ್ಲದವಳು. ಕರೆದುಕೊಂಡೇ ಬಂದಿದ್ದಳು!

ಅದೇ ಹೊತ್ತಿಗೆ ನಮ್ಮವರು ಟೇಲರನನ್ನು ಕರೆತಂದು ಪಡಸಾಲೆ ಅಳೆಸುತ್ತಿದ್ದರು. ಟೇಲರ್ ಬಾಗಿ ಟೇಪು ಹಿಡಿದಿದ್ದ. "ಉದ್ದ ಸಾಕು ಮಾಸ್ತರ, ಅಗಲ..." ಎನ್ನುತ್ತ ತಿರುಗಿದರೆ ಎದುರಿಗೆ ಎಮ್ಮೆಯ ಮೂತಿ. ಅಗಲದ ಮಾತು ಅಲ್ಲಿಗೇ ನಿಂತಿತು.

"ಏ, ಹೊರಗ ಎಳೀಬೇ ಅದನ್ನ!" ನಮ್ಮವರು ಕೂಗಿದರು.

"ರುಚಿ ನೋಡಿ ಬರ್ತದ್ರಿ ಮಾಸ್ತರ, ಮೈಕಿನ್ಯಾಗ ಅಂದಾರಲ್ಲ," ಎಂದಳು ಎಮ್ಮೆಯ ಒಡತಿ.

ಎಮ್ಮೆ ಮುಂದೆ ಬಂತು. ಅಂದಿನ ತಾಜಾ ಹಿಂಡಿ ಹರವಿದ್ದ ಅಗಲ ತಟ್ಟೆಯ ಮೇಲೆ ಮೂಗು ತಂದಿತು. ಉಸಿರೆಳೆದು ಮೂಸಿತು. ನಾವೆಲ್ಲ ಉಸಿರು ಹಿಡಿದೆವು.

ಎಮ್ಮೆ ಸೀನಿತು.

ಎಮ್ಮೆ ಸೀನಿದ್ದನ್ನು ನೀವು ಕೇಳಿರಲಿಕ್ಕಿಲ್ಲ. ಕಹಳೆ ಊದಿದಂತಾಗುತ್ತದೆ. ಪಕ್ಕದಲ್ಲಿ ತೆರೆದಿಟ್ಟಿದ್ದ ಒಣಖಾರದ ಪುಡಿ ಕೆಂಪು ಮೋಡವಾಗಿ ಎದ್ದಿತು. ಮೊದಲು ಟೇಲರ್ ಸೀನಿದ. ನಂತರ ನಮ್ಮವರು, ನಂತರ ಮುತ್ಯಾ, ನಂತರ ಓಣಿಯೆಲ್ಲ. ಮೈಕಿನಲ್ಲಿ ಖಾಜಾ ಸೀನಿದ್ದು ಇಡೀ ಆಳಂದಕ್ಕೆ ಕೇಳಿಸಿತು! ಎಮ್ಮೆ ತಿರುಗಿ ಓಡಿತು. ಟೇಲರನ ಟೇಪು ಅದರ ಕೋಡಿಗೆ ಸಿಕ್ಕು ಹಾರಾಡುತ್ತ ಹೋಯಿತು.

"ಮಾಸ್ತರ," ಎಂದ ಟೇಲರ್ ಕಣ್ಣೊರೆಸಿಕೊಳ್ಳುತ್ತ, "ಪಡಸಾಲಿ ಅಂದಿದ್ರಿ. ಇದು ಕೊಟಗಿ ಅದ! ನನಗ ಬ್ಯಾಡೇ ಬ್ಯಾಡ!" ಎಂದು ಟೇಪಿನ ಹಿಂದೆ ಓಡಿದ.

ಎಮ್ಮೆಯ ಕಣ್ಣಿಗೆ ಖಾರ ಹೋಗಿರಲಿಲ್ಲ. ರಜಿಯಾಬಿ ಅದನ್ನು ಹಿಡಿದು ಒಂದು ಬಕೆಟ್ ಮುಸುರೆ ನೀರು ಕುಡಿಸಿದಳು, ಅದು ಸಮಾಧಾನವಾಯಿತು. ಬಸವಣ್ಣ ಕಾಯ್ದ. ಆದರೆ ಬಳಗ ಸಮೇತ ಕಳಿಸು ಎಂದು ನಾನು ಅಂದಾಗ ಅವನು ತನ್ನ ಬಳಗ ಎಂದುಕೊಂಡನೇ?

ಎಮ್ಮೆ ಸಮಾಧಾನವಾಯಿತು, ಮಂದಿ ಆಗಲಿಲ್ಲ. "ಇಷ್ಟು ದೂರ ಗಾಡಿ ಹೂಡಿಕೊಂಡು ಬಂದೇವಿ, ಇದೇನು ಮಷ್ಕರಿ?" ಎಂದು ಒಬ್ಬ. "ಮಾಸ್ತರಾಗಿ ಹಿಂಗ ಮಾಡೂದಾ?" ಎಂದು ಇನ್ನೊಬ್ಬ. ನಮ್ಮವರ ಮುಖ ಸಣ್ಣದಾಯಿತು. ನನಗೆ ನೆಲ ಬಿರಿದರೆ ಸಾಕೆನಿಸಿತು. ಶಾಬಾದಿ ಕಲ್ಲಿನ ನೆಲ, ಅದೂ ಬಿರಿಯಲಿಲ್ಲ.

ಆಗ ಮುತ್ಯಾ ರುಮಾಲು ಬಿಚ್ಚಿ ಮೂಗೊರೆಸಿಕೊಂಡು ಕಟ್ಟೆಯ ಮೇಲೆ ಕೂತ. "ಬೈದು ಏನ್ ಬಂತು ಬಿಡ್ರೋ. ತಾಯಿ, ಹೊಟ್ಟಿ ಹಸದದ. ಘಮ ಬ್ಯಾರೆ ಛಲೋ ಬರಾಕತ್ತದ. ಒಂದು ರೊಟ್ಟಿ ಇದ್ರ ಕೊಡು."

ಬಾಗಿಲಿಗೆ ಬಂದವರನ್ನು ಉಪವಾಸ ಕಳಿಸುವ ಮನೆ ನಮ್ಮದಲ್ಲ. ಜೋಳದ ರೊಟ್ಟಿಯ ಬುಟ್ಟಿಯನ್ನೇ ತಂದಿಟ್ಟೆ. ಡಬ್ಬಿಯಿಂದ ತೆಗೆದ ಹಿಂಡಿಯ ಮೇಲೆ ಗಟ್ಟಿ ಮೊಸರು ಹಾಕಿ ಕೊಟ್ಟೆ. ಮುತ್ಯಾ ಒಂದು ತುತ್ತು ತಿಂದ. ಇನ್ನೊಂದು ತಿಂದ. ಹಣೆಯಲ್ಲಿ ಬೆವರು ಮೂಡಿತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಗೌರಿ, ಲಕ್ಷ್ಮೀ ಇವತ್ತು ಹುಲ್ಲು ತಿಂದುಕೊಂಡಿರಲಿ," ಎಂದ ಮುತ್ಯಾ. "ಇದನ್ನ ನನಗ ಕಟ್ಟಿ ಕೊಡು!"

ಬೈದವರೂ ಕೂತರು. ಚೀಲ ಮಡಿಚಿ ಅದರ ಮೇಲೆಯೇ ಕೂತರು. ರಜಿಯಾಬಿ ನೀರು ಕೊಟ್ಟಳು. ಖಾಜಾ ಮೈಕು ಬಿಚ್ಚಿಟ್ಟು ಮೂರು ರೊಟ್ಟಿ ತಿಂದ. ನಮ್ಮವರು ಹಳೆಯ ಪೇಪರು ಹರಿದು ಪೊಟ್ಟಣ ಕಟ್ಟಿದ್ದೇ ಕಟ್ಟಿದ್ದು. ಅವರಿಗೆ ಪೊಟ್ಟಣ ಕಟ್ಟಲು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು! ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಬ್ಬಿಗಳು ಬೋರಲು ಬಿದ್ದಿದ್ದವು.

"ಪಡಸಾಲಿ ನಿಂದೇ ತಗೋಬೇ," ಎಂದರು ಕೊನೆಯ ಪೊಟ್ಟಣ ಕಟ್ಟುತ್ತ. ನಾನು ಎದ್ದು ಬಸವಣ್ಣನ ಪಟಕ್ಕೆ ಇನ್ನೊಂದು ಹೂವಿಟ್ಟೆ.

ಗದ್ದಲ ಕೇಳಿ ಮಲ್ಲಣ್ಣ ಓಡಿ ಬಂದಿದ್ದ. ಪಾಪ, ಅವನ ಮುಖ ಬಾಡಿತ್ತು. "ತಪ್ಪಾತ್ರಿ ಅಕ್ಕೋರ. ಈಗಿಂದೀಗ ಎಮ್ಮಿ ಅಳಸಿ ಅಲ್ಲಿ ನಿಮ್ಮ ಚಿತ್ರ ತೆಗಿತೇನಿ."

"ಬ್ಯಾಡಪ್ಪಾ," ಎಂದರು ನಮ್ಮವರು ತಲೆ ಎತ್ತದೆ. "ಯಾಕ ಸುಮ್ಮ ಬಣ್ಣ ಹಾಳು? ಗಿರಾಕಿಗೆ ಫರಕು ಗೊತ್ತಾಗಂಗಿಲ್ಲ."

ರಜಿಯಾಬಿ ನಕ್ಕ ನಗೆಗಿಂತ ಎಮ್ಮೆಯ ಸೀನೇ ಮೇಲು. ಎಮ್ಮೆ ಗೋಡೆಯ ಮೇಲೆಯೇ ಉಳಿಯಿತು. ನನ್ನ ಅಂಗಡಿ ಅಂದಿನಿಂದ ಊರವರ ಬಾಯಲ್ಲಿ 'ಎಮ್ಮಿ ಅಂಗಡಿ' ಆಯಿತು. ಆ ಹೆಸರು ಎಮ್ಮೆಯಿಂದ ಬಂದದ್ದೆಂದೇ ನಾನು ನಂಬಿದ್ದೇನೆ.

ಎಲ್ಲರೂ ಹೋದ ಮೇಲೆ ಪಡಸಾಲೆ ಗುಡಿಸಲು ಹೋದೆ. ಮೂಲೆಯಲ್ಲಿ, ನನ್ನ ಹಲಗೆಯ ಸರಿಯಾಗಿ ಕೆಳಗೆ, ಎಮ್ಮೆ ಗಾಬರಿಯಲ್ಲಿ ಬಿಟ್ಟುಹೋದ ದೊಡ್ಡದೊಂದು ಸೆಗಣಿ ಮುದ್ದೆ. ಇಷ್ಟೆಲ್ಲ ಜಾಹೀರಾತು ಮಾಡಿ ನಾನು ಬಿಟ್ಟಿಯಾಗಿ ಗಳಿಸಿದ್ದು ಅದೊಂದೇ! ಬೆಳಿಗ್ಗೆ ಓಣಿಯೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲ, ಬೇಡದೆಯೇ ಶಿವ ಮನೆಯೊಳಗೇ ತಂದಿಟ್ಟಿದ್ದ. ಬಕೆಟ್ಟಿನಲ್ಲಿ ಕಲಸಿಕೊಂಡು, ಸೆರಗು ಸಿಕ್ಕಿಸಿ, ಅಂಗಳ ಸಾರಿಸಲು ಕೂತೆ.