ತಾಂಬೂಲದ ಜೊತೆ ಬಂದ ಆಂಟಿವೈರಸ್

ಕಂಪ್ಯೂಟರ್ ಪರದೆಯ ನಟ್ಟನಡುವೆ ಕೆಂಪು ಚೌಕವೊಂದು ಬಂದು ಕೂತಿತ್ತು. ‘ವೈರಸ್ ಹೊಕ್ಕಿದೆ. ಏನನ್ನೂ ಮುಟ್ಟಬೇಡಿ.’ ಕೆಂಪರಾಜ್ ಅದನ್ನು ಮೂಲೆಗೆ ತಳ್ಳಿದ. ಕ್ಷಣ ಬಿಟ್ಟು ಅದು ಮತ್ತೆ ನಡುವಿಗೇ ಬಂತು.

ಅದು ಹೆಂಡತಿ ಹಂಸಳ ಕಂಪ್ಯೂಟರ್. ಹೊರಮಾವಿನ ಅರ್ಧದಷ್ಟು ಮದುವೆ ಬ್ಲೌಸುಗಳ ಕಸೂತಿ ಡಿಸೈನುಗಳು ಅದರೊಳಗಿದ್ದವು. ಅಲ್ಲಿಂದಲೇ ಕಸೂತಿ ಮೆಷಿನ್ನಿಗೆ ಹೋಗಿ ಬಟ್ಟೆಯ ಮೇಲೆ ಮೂಡುತ್ತಿದ್ದವು. ನಾಳೆ ಬೆಳಿಗ್ಗೆ ಕಾಕ್ಸ್‌ಟೌನಿನ ಮದುಮಗಳೊಬ್ಬಳು ನವಿಲಿನ ಬ್ಲೌಸ್ ಒಯ್ಯಲು ಬರುವವಳಿದ್ದಳು. ಆ ನವಿಲೂ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಹಂಸ ಜರಿ ದಾರ ತರಲು ಶಿವಾಜಿನಗರಕ್ಕೆ ಹೋಗಿದ್ದಳು.

ಕೆಂಪರಾಜನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ ಬೆಳೆದಿತ್ತು, ಬಾಡಿಗೆ ತಾನಾಗಿ ಬರುತ್ತಿತ್ತು. ಹೆಂಡತಿ ಇಲ್ಲದಾಗ ಪರದೆಯ ಮೇಲಿನ ಹಸಿರು ಗುಡ್ಡವನ್ನು ನೋಡುತ್ತಾ, ಅದರಾಚೆ ಏನಿರಬಹುದು ಎಂದು ಕನಸು ಕಾಣುವುದೇ ಅವನ ಸುಖ. ನಿನ್ನೆ ಗುಡ್ಡ ಸಾಲದೆ, ಈಜಾಡುವ ಬಣ್ಣದ ಮೀನುಗಳನ್ನೂ ಎಲ್ಲಿಂದಲೋ ಇಳಿಸಿಕೊಂಡಿದ್ದ. ವೈರಸ್ ಆ ಮೀನುಗಳ ಹಿಂದೆಯೇ ಬಂದಿದೆ ಎಂದು ಖಾತ್ರಿಯಾಗಿ ಪಾಪ, ಅವನು ಮೇಲಿನ ಮನೆಗೆ ಫೋನ್ ಮಾಡಿದ.

ಮೇಲಿನ ಮನೆಯ ಬಾಡಿಗೆದಾರ ಮಧುಕರ್ ಆಫೀಸಿನ ಮೀಟಿಂಗ್ ನಡುವೆಯೇ ಇಳಿದು ಬಂದ. “ಫ್ರೀ ಆಂಟಿವೈರಸ್ಸೇ ಸಾಕು ಸಾರ್. ನಾನೂ ಅದನ್ನೇ ಯೂಸ್ ಮಾಡೋದು,” ಎಂದು ಒಂದನ್ನು ಹಾಕಿ, ಕೆಂಪು ಚೌಕವನ್ನು ಸರಿಯಾಗಿ ನೋಡದೆಯೇ ಓಡಿದ.

ಸುದ್ದಿ ಕೇಳಿ ಪಕ್ಕದ ಮನೆಯಿಂದ ಬಂದ ದೊಡ್ಡಪ್ಪ ಮುನಿಆಂಜನಪ್ಪನವರಿಗೆ ಇದು ಸರಿಬರಲಿಲ್ಲ. “ಪುಕ್ಕಟೆ ಕಾವಲುಗಾರ ಯಾವನೋ ನೆಟ್ಟಗೆ ಕಾಯ್ತಾನೆ? ನನ್ನಳಿಯ ಇಂಥದ್ದೇ ಕಂಪ್ನೀಲಿರೋದು. ಗೃಹಪ್ರವೇಶಕ್ಕೆ ಬಂದೋರ್ಗೆಲ್ಲ ತೆಂಗಿನಕಾಯಿ ಜೊತೆ ಒಂದೊಂದು ಆಂಟಿವೈರಸ್ ಪ್ಯಾಕೆಟ್ ಕೊಟ್ಟ. ದೇವರ ಮನೇಲಿಟ್ಟಿದ್ದೆ, ತಗೋ.”

ಪ್ಯಾಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿತ್ತು.

“ಆಗ್ಲೇ ಒಂದು ಹಾಕಾಯ್ತು ದೊಡ್ಡಪ್ಪ...”

“ತಾಂಬೂಲ ಬೇಡ ಅಂತೀಯೇನೋ?”

ಹೇಗೆ ಅಂದಾನು? ಅದನ್ನೂ ಹಾಕಿದ. ಅಷ್ಟರಲ್ಲಿ ಕೆಳಗಿನ ಮೊಬೈಲ್ ಅಂಗಡಿಯ ನಯಾಜ್ ಪೆನ್‌ಡ್ರೈವ್ ಹಿಡಿದು ಹತ್ತಿ ಬಂದ. “ಅಣ್ಣಾ, ಆ ಎರಡೂ ಬೇಕಾರ್. ಇದು ಹಾಕಿ, ಎಲ್ಲಾ ಸಾಫ್!” ರಂಜಾನಿಗೆ ತಪ್ಪದೆ ಬಿರಿಯಾನಿ ಕಳಿಸುವ ಮನುಷ್ಯನಿಗೆ ಬೇಡ ಎನ್ನುವುದು ಹೇಗೆ? ಮೂರನೆಯದೂ ಒಳಹೊಕ್ಕಿತು.

ಮೊದಲನೆಯದು ಕೇಳಿತು: ‘ಅನುಮಾನಾಸ್ಪದ ಫೈಲುಗಳು ಸಿಕ್ಕಿವೆ. ಬಂಧಿಸಲೇ?’ ಕೆಂಪರಾಜ್ ‘ಹೌದು’ ಒತ್ತಿದ. ಹಸಿರು ಪಟ್ಟಿ, ಮಡಿಗೆ ಬಿಟ್ಟ ನೀರಿನ ಹಾಗೆ ಮೆಲ್ಲಗೆ ಹರಿಯತೊಡಗಿತು. ನೋಡುತ್ತಾ ನೋಡುತ್ತಾ ಅವನ ಕಣ್ಣು ಕೂಡಿಕೊಂಡು ಬಂತು. ಅವನು ಆ ಹಸಿರು ಗುಡ್ಡವನ್ನೇ ಹತ್ತುತ್ತಿದ್ದ. ಆಚೆ ಕಡೆ ರಾಗಿ ತೆನೆ ತೂಗುತ್ತಿತ್ತು, ತೆನೆಗಳ ಮೇಲೆ ಬಣ್ಣದ ಮೀನುಗಳು ತೇಲುತ್ತಿದ್ದವು. ಬದುವಿನ ಮೇಲೆ ಅಪ್ಪ ಸನಿಕೆ ಹಿಡಿದು ನಿಂತು, “ನೀರು ಬಿಡ್ಲೇನೋ ಕೆಂಪ?” ಎಂದು ಕೇಳುತ್ತಿದ್ದ. ಟಣ್ ಎಂದು ಎಲ್ಲೋ ಗಂಟೆ ಬಾರಿಸಿದಾಗಲೆಲ್ಲ ಕೆಂಪರಾಜ್, “ಬಿಡಪ್ಪಾ, ಬಿಡು,” ಎನ್ನುತ್ತಾ ನಿದ್ದೆಗಣ್ಣಿನಲ್ಲೇ ‘ಹೌದು’ ಒತ್ತುತ್ತಿದ್ದ.

ಎಚ್ಚರಾದಾಗ ಕಿಟಕಿಯಲ್ಲಿ ಸಂಜೆ ಬಿಸಿಲು. ಕೆಂಪು ಚೌಕ ಮಾಯವಾಗಿತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಹಂಸ ಒಳಗೆ ಬಂದವಳೇ ಪರದೆ ನೋಡಿ ನಿಂತಳು. “ರೀ, ಆ ಕೆಂಪು ಡಬ್ಬಿ ಎಲ್ಲಿ?”

“ವೈರಸ್ಸಾ? ತೆಗ್ದುಬಿಟ್ಟೆ! ಒಂದಲ್ಲ, ಮೂರು ಆಂಟಿವೈರಸ್ ಹಾಕಿ!”

“ಅಯ್ಯೋ, ಅದು ವೈರಸ್ಸಲ್ಲ ಕಣ್ರೀ! ನೀವು ಮೀನು ಗೀನು ತುಂಬಿಸ್ತೀರಿ ಅಂತ ಬೆಳಿಗ್ಗೆ ನಾನೇ ಡಿಸೈನ್ ಹಾಕ್ಕೊಡೋ ಹುಡುಗಿ ಸೌಂದರ್ಯಾ ಕೈಲಿ ಮಾಡಿಸಿ ಹಾಕಿದ್ದೆ. ಹೆದರ್ಕೊಂಡು ದೂರ ಇರ್ತೀರ ಅಂತ. ನನ್ನ ನವಿಲೆಲ್ಲಿ?”

ನವಿಲಿರಲಿಲ್ಲ. ಗಿಳಿ, ಬಳ್ಳಿ, ಮಾವಿನಕಾಯಿ, ಒಂದು ಡಿಸೈನೂ ಇರಲಿಲ್ಲ. ಮಧುಕರನನ್ನು ಮತ್ತೆ ಕರೆಸಿದರು. ಅವನು ಕೂತು ಕೆದಕಿ ಕೆದಕಿ ನೋಡಿ ತಲೆ ಕೆರೆದುಕೊಂಡ.

“ಡಿಸೈನ್‌ಗಳನ್ನ ನಂದು ಅರೆಸ್ಟ್ ಮಾಡಿದೆ ಮೇಡಂ. ಅಲ್ಲಿಂದ ವಾಪಸ್ ತೆಗೀಬಹುದಿತ್ತು. ಆದ್ರೆ ನಂದನ್ನೇ ತಾಂಬೂಲದ್ದು ಬುಡಸಮೇತ ಕಿತ್ತಾಕಿದೆ. ತಾಂಬೂಲದ್ದನ್ನ ನಯಾಜ್ ಭಾಯ್‌ದು ಮುಗಿಸಿಬಿಟ್ಟಿದೆ. ಪ್ರತಿ ಸಲಾನೂ ಕೇಳಿದೆ, ಸಾರ್ ಯೆಸ್ ಅಂದಿದಾರೆ.”

ಹಂಸ ಅಟ್ಟದಿಂದ ಹಳೆಯ ಕಸೂತಿ ಚೌಕಟ್ಟು ಇಳಿಸಿ, ಬ್ಲೌಸ್ ಬಟ್ಟೆ ಬಿಗಿದು, ಸೂಜಿ ದಾರ ಗಂಡನ ಕೈಗೆ ತುರುಕಿದಳು. ಅವನು ದಾರ ಪೋಣಿಸುತ್ತಿರುವಾಗ ಮತ್ತೊಮ್ಮೆ ಟಣ್ ಎಂದಿತು. ನಯಾಜನ ಆಂಟಿವೈರಸ್ ಹೆಮ್ಮೆಯಿಂದ ಸಾರಿತು: ‘ಅಭಿನಂದನೆಗಳು! ಅಪಾಯಕಾರಿಯಾದದ್ದು ಇಲ್ಲಿ ಇನ್ನೇನೂ ಉಳಿದಿಲ್ಲ.’

“ಇದೆ,” ಎಂದಳು ಹಂಸ, ಗಂಡನನ್ನೇ ದಿಟ್ಟಿಸುತ್ತಾ. “ಒಂದು ಉಳ್ಕೊಂಡಿದೆ.”