ಕರಿಹಲಗೆ ಬಿಟ್ಟು ಹೊಳೆಗಿಳಿದ ಪಾಠ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದ ನನಗೆ ನಗಲು ವಿಶೇಷ ಕಾರಣಗಳಿರಲಿಲ್ಲ; ಪಾಠ ಕೋಣೆಯಿಂದ ಹೊರಬಿದ್ದ ಮೇಲೆ ಅವು ತಾವಾಗಿಯೇ ಹುಡುಕಿಕೊಂಡು ಬಂದವು. ಅದು ಐವತ್ತರ ದಶಕದ ಕೊನೆಯ ದಾವಣಗೆರೆ. ಸೇತುವೆ, ಕಾಲುವೆ, ಕಾಂಕ್ರೀಟು ಎಲ್ಲವನ್ನೂ ಉಕ್ತಲೇಖನ ಬರೆಸಿಯೇ ಕಲಿಸುವ ಪದ್ಧತಿ. ಹೊಸದಾಗಿ ಬಂದ ಸರ್ವೆ ಮೇಷ್ಟರು, ‘ಹುಡುಗರ ಕೈಗೆ ಮಣ್ಣು ಹತ್ತಬೇಕು’ ಎಂದು ಪಟ್ಟು ಹಿಡಿದರು. ಪ್ರಿನ್ಸಿಪಾಲರು ಒಂದು ವರ್ಷದ ಅವಕಾಶ ಕೊಟ್ಟರು. ಪ್ರಯೋಜನ ಕಾಣದಿದ್ದರೆ ಮತ್ತೆ ಉಕ್ತಲೇಖನ. ಮೇಷ್ಟರು ಬೇರೆ ಊರು ನೋಡಿಕೊಳ್ಳಬೇಕು. ಅಳತೆಯ ಲೆಕ್ಕ ಪರಿಶೀಲಿಸಲು ನನ್ನನ್ನು ಜೊತೆಗೆ ಹಾಕಿದರು.

ಅಟೆಂಡರನ ಕರುಣೆ

ಮೊದಲು ಕಾಂಕ್ರೀಟು. ಹುಡುಗರು ತಾವೇ ಕಲಸಿ, ಅಚ್ಚಿಗೆ ಸುರಿದು, ಚೆನ್ನಾಗಿ ಗಟ್ಟಿಯಾಗಲೆಂದು ಆ ಗಡ್ಡೆಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಒಡೆದು ಬಲ ಪರೀಕ್ಷಿಸುವ ದಿನ ನೋಡಿದರೆ ತೊಟ್ಟಿ ಬರಿದು. ಗಡ್ಡೆಗಳು ಅಂಗಳದ ಬಿಸಿಲಿನಲ್ಲಿ ಸಂಡಿಗೆಯಂತೆ ಸಾಲಾಗಿ ಒಣಗುತ್ತಿದ್ದವು.

“ಯಾರಪ್ಪಾ ಇದನ್ನ ತೆಗೆದೋರು?” ಎಂದರು ಮೇಷ್ಟರು.

“ನಾನೇ ರೀ,” ಎಂದ ಅಟೆಂಡರ್, ಹೆಮ್ಮೆಯಿಂದ. “ಹುಡುಗ್ರು ನೀರಾಗ ಬಿಟ್ಟು ಮನಿಗೆ ಹೋಗಿದ್ರು. ಅವತ್ತೇ ನೋಡಿ ತೆಗೆದೆ. ಇಲ್ದಿದ್ರ ಕರಗಿ ಹೋಗ್ತಿದ್ವು.”

ಮೇಷ್ಟರು ತಲೆಯ ಮೇಲೆ ಕೈಯಿಟ್ಟರು. ಅವನೇ ಸಮಾಧಾನ ಹೇಳಿದ: “ಚಿಂತಿ ಬ್ಯಾಡ್ರಿ ಸಾರ್. ದಿನಾ ಮಗ್ಗಲು ಬದಲಿಸಿ ಒಣಗಿಸೀನಿ. ಒಂದೂ ಹಸಿ ಇಲ್ಲ!”

ಆನಗೋಡಿನ ಮನೆ

ನೆಲದ ಏರುತಗ್ಗು ಅಳೆಯಲು ಆನಗೋಡಿಗೆ ಹೋದೆವು. ನಮ್ಮ ಯಂತ್ರದ ದುರ್ಬೀನಿನಲ್ಲಿ ಎದುರಿನದೆಲ್ಲ ತಲೆಕೆಳಗಾಗಿಯೇ ಕಾಣುತ್ತಿತ್ತು. ನಮಗೆ ಅದು ರೂಢಿ. ಕಾಲುವೆ ಬರುತ್ತದೆಂದು ನಂಬಿದ ಹೊಲದ ಯಜಮಾನರು ನಮಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ತರಿಸಿಕೊಟ್ಟು, ತಾವೂ ಒಮ್ಮೆ ಕಣ್ಣಿಟ್ಟರು.

“ಅಯ್ಯೋ, ನನ್ನ ಮನಿ!”

“ಇದರಲ್ಲಿ ಹಾಗೆಯೇ ಕಾಣುವುದು. ಮನೆಗೆ ಏನೂ ಆಗಿಲ್ಲ,” ಎಂದೆ.

ಅವರು ಮನೆಯನ್ನೊಮ್ಮೆ, ದುರ್ಬೀನನ್ನೊಮ್ಮೆ ನೋಡಿದರು. “ಮನಿ ನೆಟ್ಟಗೈತೆ ಅಂತ ನನಗೂ ಗೊತ್ತೈತ್ರಿ. ಆದ್ರ ನೀವು ಮ್ಯಾಲಿನವರಿಗೆ ಬರೆಯೋದು ಇದರಾಗ ಕಂಡಿದ್ದನ್ನ ಅಲ್ಲೇನ್ರಿ? ನಾಳೆ ಕಾಲುವಿ ನನ್ನ ಮಾಳಿಗಿ ಮ್ಯಾಲೆ ಹರಿದ್ರ ಯಾರನ್ನ ಕೇಳ್ಲಿ?”

ತಳವಿಲ್ಲದ ಮಡು

ಈ ಸುದ್ದಿಗಳೆಲ್ಲ ಪ್ರಿನ್ಸಿಪಾಲರನ್ನು ಮುಟ್ಟಿದವು. ವರ್ಷದ ಕೊನೆಯ ಪಾಠ, ಹರಿಹರದಲ್ಲಿ ಹೊಳೆಯ ಆಳ ಅಳೆಯುವುದು; ಅದನ್ನು ತಾವೇ ನೋಡಿ ತೀರ್ಮಾನಿಸುವುದಾಗಿ ಸೂಟು ತೊಟ್ಟು ಬಂದರು. ಮೇಷ್ಟರ ಮುಖ ಸುಣ್ಣವಾಗಿತ್ತು.

ದಂಡೆಯಲ್ಲಿದ್ದ ಹಿರಿಯರೊಬ್ಬರು ತಡೆದರು. “ಆ ಮಡುವಿಗೆ ತಳಾನೇ ಇಲ್ರಿ. ನಮ್ಮಜ್ಜನ ಕಾಲದಾಗ ಏಳು ಮಂಚದ ಹಗ್ಗ ಬಿಚ್ಚಿ ಬಿಟ್ರೂ ಸಿಗಲಿಲ್ಲ.”

ಆ ಮಂಚಗಳವರು ಅಂದು ಎಲ್ಲಿ ಮಲಗಿದರೆಂದು ಕೇಳಬೇಕೆನಿಸಿತು. ಪ್ರಿನ್ಸಿಪಾಲರು ಮಾತ್ರ ಗಂಭೀರವಾಗಿ ತಲೆದೂಗಿದರು. “ನೋಡಿ ಮೇಷ್ಟರೇ, ಗೊತ್ತಿರುವುದನ್ನು ಅಳೆಯಲು ಇಷ್ಟು ದೂರ ಬರಬೇಕಿತ್ತೆ?”

ಆದರೂ ಒಬ್ಬ ವಿದ್ಯಾರ್ಥಿಯೊಡನೆ ಹರಿಗೋಲು ಹತ್ತಿದರು. ಮಡುವಿನ ನಡುವೆ ಅದು ಗಿರಕಿ ಹೊಡೆಯತೊಡಗಿತು. ಆಳ ನೋಡುವ ಹಗ್ಗ ಹಿಡಿದ ವಿದ್ಯಾರ್ಥಿ ಒಮ್ಮೆ ಈ ದಂಡೆಗೆ, ಒಮ್ಮೆ ಆ ದಂಡೆಗೆ ಮುಖ ಮಾಡುತ್ತಿದ್ದ. “ಹಾಗಲ್ಲಯ್ಯ, ಹೀಗೆ!” ಎಂದು ಪ್ರಿನ್ಸಿಪಾಲರು ಎದ್ದು ನಿಂತರು. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದೆಂದು ಯಾವ ಉಕ್ತಲೇಖನದಲ್ಲೂ ಇರಲಿಲ್ಲ.

ದಂಡೆಯ ಮೇಲೆ ಹಾಹಾಕಾರ. ಮೇಷ್ಟರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಪ್ರಿನ್ಸಿಪಾಲರು ಮಡುವಿನ ನಟ್ಟನಡುವೆ, ಟೈ ತೇಲಿಸುತ್ತ, ನೆಟ್ಟಗೆ ನಿಂತಿದ್ದರು. ಕಲಿತದ್ದನ್ನು ಮರೆಯದ ವಿದ್ಯಾರ್ಥಿ ದಂಡೆಗೆ ಕೇಳುವಂತೆ ಕೂಗಿದ: “ಎದೆಮಟ್ಟ, ಸಾರ್!”

ಪ್ರಿನ್ಸಿಪಾಲರು ಕಾಲಿನಿಂದ ತಳ ತಡವಿ, ಇನ್ನೊಮ್ಮೆ ತಡವಿ, “ಬರೆದುಕೊಳ್ಳಿ,” ಎಂದರು. “ಮುಂದಿನ ವರ್ಷ ಮಾತ್ರ ದೊಡ್ಡ ಹರಿಗೋಲು ತರಿಸಿ.”

ಮುಂದಿನ ವರ್ಷ! ಮೇಷ್ಟರು ಅಲ್ಲೇ ಮರಳಿನ ಮೇಲೆ ಕುಳಿತು, ಕರವಸ್ತ್ರದಿಂದ ಮುಖ ಒರೆಸಿಕೊಂಡರು. ನನ್ನ ಎದೆಯೂ ಹಗುರಾಯಿತು. ಆ ಧೈರ್ಯದಲ್ಲಿ ಹಿರಿಯರತ್ತ ತಿರುಗಿ, ಆದಷ್ಟು ವಿನಯದಿಂದ, “ಅಜ್ಜಾರೇ, ತಳ ಸಿಕ್ಕಿತಲ್ಲ?” ಎಂದೆ.

“ಸಿಗದೇ ಏನವ್ವಾ,” ಎಂದರು ಅವರು, ಕಿಂಚಿತ್ತೂ ಅಳುಕದೆ. “ಅಂಥಾ ದೊಡ್ಡ ಮನುಷ್ಯರು ಬಿದ್ದಾಗ ತಳ ತಾನಾಗೇ ಎದ್ದು ಬರಬೇಕಲ್ಲ!”