ಪತ್ರೊಡೆಗೆ ಬೇಕಾದಷ್ಟು ಇಂಗ್ಲಿಷು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಮಕ್ಕಳಿಗೆ ಮೂವತ್ತಾರು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಒಬ್ಬಳು ಹೆಂಡತಿಗೆ ಹತ್ತು ದಿನದಲ್ಲಿ ಕಲಿಸುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. (ಹೆಂಡತಿ ತ್ರಿಪುರಸುಂದರಿ. ಹೆಸರು ಉದ್ದ, ತಾಳ್ಮೆ ಗಿಡ್ಡ.)

ಜಯಪುರದ ಹತ್ತಿರ ಹೋಂಸ್ಟೇ ನಡೆಸುವ ಶಶಿಕಿರಣ್, ವಿದೇಶದ ಅತಿಥಿಗಳಿಗೆ ಕೆಸುವಿನ ಎಲೆಯ ಪತ್ರೊಡೆ ಮಾಡುವುದನ್ನು ಹೇಳಿಕೊಡಲು ಇವಳನ್ನು ಕರೆದಿದ್ದ. ಮೊದಲ ಭಾನುವಾರ ಸರಿಹೋದರೆ ಪ್ರತಿ ಭಾನುವಾರವೂ ಇವಳದೇ. ಅರವತ್ತನೇ ವಯಸ್ಸಿನಲ್ಲಿ, ತನ್ನ ಹೆಸರಿಗೇ ಬಂದ ಮೊದಲ ಕೆಲಸ. ಇವಳ ಎದೆ ಹೊಡೆದುಕೊಳ್ಳುವ ಸದ್ದು ಪೇಟೆಯವರೆಗೂ ಕೇಳುತ್ತಿತ್ತು.

ನಾನು ಶಾಸ್ತ್ರೋಕ್ತವಾಗಿ ಶುರುಮಾಡಿದೆ. ಮನೆಯ ಸಕಲ ವಸ್ತುಗಳಿಗೂ ಇಂಗ್ಲಿಷ್ ಹೆಸರಿನ ಚೀಟಿ ಅಂಟಿಸಿದೆ. (ಬೆಕ್ಕಿಗೂ ಅಂಟಿಸಿದ್ದೆ. ಅವಮಾನ ತಾಳದೆ ಅದು ಕಿಗ್ಗದ ಕಾಡು ಸೇರಿತೆಂದು ವದಂತಿ.) ಇವಳು ಬಾಯಿ ತೆರೆದಾಗಲೆಲ್ಲ ತೋರುಬೆರಳು ಎತ್ತಿ ತಿದ್ದಿದೆ. ನಾಲ್ಕನೇ ದಿನ ಇವಳ ಇಂಗ್ಲಿಷ್ ನಿಂತಿತು. ಐದನೇ ದಿನ ಕನ್ನಡವೂ ನಿಂತಿತು.

"ಎಂತಾಯ್ತು ಮಾರಾಯ್ತಿ?" ಎಂದೆ.

"ಮಾತಾಡಿದ್ರೆ ನಿಮ್ಮ ಬೆರಳು ಏಳ್ತದೆ. ನನ್ ಕೈಲಿ ಆಗಲ್ಲ ಅಂತ ಶಶಿಕಿರಣಂಗೆ ಹೇಳಿಬಿಡ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ರಹಮತ್ ಬೀ ಬಂದರು. ಅವರದು ಬಸ್ ಸ್ಟ್ಯಾಂಡಿನ ಎದುರು ಬಟ್ಟೆ ಅಂಗಡಿ. ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಗಿರಾಕಿಗಳನ್ನು ಕಂಡದ್ದು ಇಡೀ ಭೂಮಂಡಲದಿಂದ.

"ಮೇಷ್ಟ್ರೇ, ನೀವು ಸ್ವಲ್ಪ ಜಗಲಿಗೆ ಹೋಗಿ," ಎಂದರು. "ಅಕ್ಕ, ಬನ್ನಿ. ಕೈ ಕೆಲಸ ಮಾಡ್ಲಿ, ಬಾಯಿ ಅದರ ಹಿಂದೆ ಬರ್ತದೆ."

ಜಗಲಿಗೆ ಕೇಳಿಸಿತು: "ಲೀಫ್ ವಾಶ್." "ಪೇಸ್ಟ್ ಪುಟ್." "ರೋಲ್, ರೋಲ್." ನಡುನಡುವೆ ನಗು. ನನ್ನ ಬೆರಳು ತಾನಾಗಿ ಏಳುವುದು, ತಿದ್ದಲು ಯಾರೂ ಕಾಣದೆ ಮಡಚಿಕೊಳ್ಳುವುದು. ಇಂಥ ನಗು ನನ್ನ ತರಗತಿಯಲ್ಲಿ ಎಂದಾದರೂ ಕೇಳಿತ್ತೇ ಎಂದು ಯೋಚಿಸಿದೆ. ಒಮ್ಮೆ ಕೇಳಿತ್ತು, ನಾನು ಕುರ್ಚಿಯಿಂದ ಬಿದ್ದ ದಿನ.

ಭಾನುವಾರ ಹೋಂಸ್ಟೇಗೆ ನಾನೂ ಹೋದೆ. ಪೋರ್ಚುಗಲ್ಲಿನ ಗಂಡ ಹೆಂಡತಿ ಕೆಸುವಿನ ಎಲೆ ಹಿಡಿದು ಕೂತಿದ್ದರು. ಇವಳ "ಲೀಫ್ ವಾಶ್" ಚೆನ್ನಾಗಿಯೇ ಸಾಗಿತ್ತು. ಆದರೆ ಹುಣಸೆಹುಳಿ ಕಡಿಮೆಯಾದರೆ ಕೆಸು ಗಂಟಲು ತುರಿಸುತ್ತದಲ್ಲ? ಅಂಥ ಗಂಭೀರ ವಿಷಯ ಹೇಳುವುದು ಇವಳಿಂದಾಗದು ಎಂದು ನಾನೇ ಬಾಯಿ ಹಾಕಿದೆ. ನನ್ನ ವಾಕ್ಯ ಪೂರ್ಣವಿರಾಮ ಮುಟ್ಟುವುದರೊಳಗೆ ಜಯಪುರದ ಬಸ್ಸು ಕೊಪ್ಪ ಮುಟ್ಟಬಹುದಿತ್ತು. ಅತಿಥಿಗಳು ಮುಖ ಮುಖ ನೋಡಿಕೊಂಡರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ, ಅದೂ ಅರೆಬರೆ.

ಇವಳು ಹುಣಸೆಯ ಉಂಡೆ ಎತ್ತಿ ತೋರಿಸಿ, "ನೋ ದಿಸ್," ಎಂದು, ಕುತ್ತಿಗೆಯನ್ನು ಪರಪರ ಕೆರೆದುಕೊಂಡು ಒಂದು ಸುತ್ತು ಕುಣಿದಳು. ಅವರು ಬಿದ್ದು ಬಿದ್ದು ನಕ್ಕು ಎರಡು ಪಾಲು ಹುಣಸೆ ಹಾಕಿದರು.

"ಇನ್ನು ಪ್ರತಿ ಭಾನುವಾರ ಬನ್ನಿ ಅಕ್ಕ," ಎಂದ ಶಶಿಕಿರಣ್. ಇವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಬೆವರೆಂಬಂತೆ.

ಬೆಂದ ಪತ್ರೊಡೆಯನ್ನು ಆ ವಿದೇಶಿ ಹೆಂಗಸು ನನ್ನ ತಟ್ಟೆಗೆ ಹಾಕಿ, "ಯೂ ಲೈಕ್?" ಎಂದು ಕೇಳಿದಳು. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಮಕ್ಕಳಿಗೆ ಲಕ್ಷಗಟ್ಟಲೆ ಕೇಳಿದವನು ನಾನು. ನಿನಗೇನು ಇಷ್ಟ ಎಂದು ಇಂಗ್ಲಿಷಿನಲ್ಲಿ ಯಾರನ್ನೂ ಕೇಳಿರಲಿಲ್ಲ, ಯಾರೂ ನನ್ನನ್ನು ಕೇಳಿರಲಿಲ್ಲ. ತಕ್ಕ ವಾಕ್ಯ ಕಟ್ಟುತ್ತ ಕೂತೆ.

"ಮೈ ಹಸ್ಬೆಂಡ್," ಎಂದಳು ಇವಳು. "ಲರ್ನಿಂಗ್."

ಆಕೆ ಕುರ್ಚಿ ಹತ್ತಿರಕ್ಕೆಳೆದು ನನ್ನ ಕೈ ತಟ್ಟಿದಳು. "ಸ್ಲೋ, ಸ್ಲೋ. ಮಿಸ್ಟೇಕ್ ಓಕೆ."

ನಾನು ಒಂದೂ ತಪ್ಪಿಲ್ಲದಂತೆ ತಲೆಯಾಡಿಸಿದೆ.